ಚನ್ನಪಟ್ಟಣದಲ್ಲಿ ಹುಟ್ಟಿದ ಸಾಲು

ಗಂಗಹನುಮಯ್ಯ ಸಾಯಬೇಕು ಅನ್ನುವ ಯೋಚನೆ ಬೀರಲಿಂಗನಿಗೆ ಮೊದಲು ಬಂದದ್ದು ಬಿಡದಿಯ ಹೋಟೆಲಿನಲ್ಲಿ, ತಟ್ಟೆ ಇಡ್ಲಿಯ ಮೇಲೆ ಬೆಣ್ಣೆ ಕರಗುತ್ತಿದ್ದಾಗ. ಸಿಟ್ಟು ಬಂದಿರಲಿಲ್ಲ. ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು, ಕೂಗಾಡಿ ಎದ್ದು ಹೋಗಿಬಿಡುತ್ತಿದ್ದ. ಬಂದದ್ದು ಬರೀ ಒಂದು ತಣ್ಣನೆಯ ಲೆಕ್ಕಾಚಾರ.

ಎದುರಿಗೆ ಬೆಂಗಳೂರಿನ ಕಂಪನಿಯವರಿಬ್ಬರು ಕೂತಿದ್ದರು. ಅವರು ಕೊಳ್ಳಲು ಬಂದಿದ್ದು 'ಗೂಡುಕಟ್ಟೆ'ಯನ್ನು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕೂ ಕಡೆಯ ರೈತರು ಮೊಬೈಲಿನಲ್ಲೇ ತಮ್ಮ ರೇಷ್ಮೆಗೂಡು ತೋರಿಸಿದರೆ, ನೂಲು ತೆಗೆಯುವ ರೀಲರುಗಳು ಕೂತಲ್ಲಿಂದಲೇ ಹರಾಜು ಕೂಗುವ ವ್ಯವಸ್ಥೆ ಅದು. ಲಾಕ್‌ಡೌನ್ ಮುಗಿದು ಗೂಡಿನ ಬೆಲೆ ಯಾರೂ ಕಂಡಿರದಷ್ಟು ಮೇಲೇರಿದ ವರ್ಷ. ತೆಂಗು ಕಡಿದು ಹಿಪ್ಪುನೇರಳೆ ಹಾಕುತ್ತಿದ್ದ ಕಾಲ. ಗೂಡುಕಟ್ಟೆಯ ಒಂದೊಂದು ಅಕ್ಷರವನ್ನೂ ಬರೆದವನು ಬೀರಲಿಂಗ. ಅದು ನಡೆಯುತ್ತಿದ್ದದ್ದು ರಾಮನಗರದ ಮೂಡಲಗಿರಿ ರೇಷ್ಮೆ ಮಿಲ್ಲಿನ ಹೆಸರಲ್ಲಿ, ಮಿಲ್ಲಿನ ಮಾಲೀಕ ಗಂಗಹನುಮಯ್ಯ.

"ಎಲ್ಲಾ ನಂದೇ ಐಡಿಯಾ ಸಾ" ಎಂದ ಗಂಗಹನುಮಯ್ಯ, ಬೆರಳು ನೆಕ್ಕುತ್ತಾ. "ನಾನ್ ಓದಿರಾದು ಏಳ್ನೇ ಕ್ಲಾಸು. ಒಂದಿನ ಗದ್ದೆ ತಾವ ಕುಂತಿದ್ದೆ, ತಲೆ ಒಳೀಕೆ ಬಂದ್ಬುಡ್ತು."

"ಇವರು?" ಎಂದು ಕಂಪನಿಯವನೊಬ್ಬ ಬೀರಲಿಂಗನ ಕಡೆ ನೋಡಿದ.

"ಇವ್ನಾ? ವೈರ್ ಎಳ್ಯೋ ಹುಡ್ಗ ಸಾ. ಮಾಗಡಿ ಕಡೆ ಕುರಿ ಮೇಯ್ಸೋರ ಮನೇವ್ನು, ಪಾಪ. ಲೇ ಬೀರಾ, ಸಾರ್‌ಗೆ ಒಸಿ ಚಟ್ನಿ ಆಕ್ಸ್ಲಾ."

ಬೀರಲಿಂಗ ಎದ್ದು ಹೋಗಿ ಚಟ್ನಿ ಹಾಕಿಸಿಕೊಂಡು ಬಂದ. ನೀನೂ ಪಾರ್ಟ್ನರು ಕಣ್ಲಾ ಎಂದು ಇದೇ ಬಾಯಿ ಹೇಳಿತ್ತು, ಇನ್ನೂ ಏನೂ ಇಲ್ಲದಿದ್ದಾಗ. ಬರುವ ಶುಕ್ರವಾರ ಸಹಿ ಎಂದು ಮಾತಾಯಿತು. ಆಮೇಲೆ ಈ ಸರ್ವರುಗಳೆಲ್ಲ ಬೇಡ, ನಮ್ಮಲ್ಲೇ ಇದೆ, ಇವನ್ನು ಗುಜರಿಗೆ ಹಾಕಿ ಎಂದರು ಕಂಪನಿಯವರು. ಗಂಗಹನುಮಯ್ಯ ನಕ್ಕ. "ಆಕ್ಬುಡಾಣ ಬುಡಿ ಸಾ."

ಗುಜರಿ. ಆ ಮಾತು ಬೀರಲಿಂಗನ ತಲೆಯಲ್ಲಿ ಮೈಸೂರು ರಸ್ತೆ ಉದ್ದಕ್ಕೂ ಕೂತೇ ಇತ್ತು.

ಏನನ್ನು ಗುಜರಿಗೆ ಹಾಕುತ್ತಾರೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಮೊದಲು ಇದ್ದದ್ದು ಒಂದೇ ಸರ್ವರು, ಮಿಲ್ಲಿನ ಆಫೀಸಿನ ಹಿಂದೆ. ಒಂದು ಬೆಳಿಗ್ಗೆ ಹರಾಜಿನ ನಡುವೆ ಅದು ಸತ್ತುಹೋಯಿತು. ಬೇರೆ ಸಾಮಾನಾದರೆ ನಾಳೆ ಮಾರಬಹುದು, ಗೂಡು ಕಾಯುವುದಿಲ್ಲ. ಒಳಗಿನ ಹುಳ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬಂದರೆ ನೂಲು ಹೋಯಿತು. ಅವತ್ತು ರೈತರು ಗೇಟು ಮುರಿಯುವುದೊಂದು ಬಾಕಿ. ಅದಾದ ಮೇಲೆ ಬೀರಲಿಂಗ ಎರಡನೇ ಸರ್ವರನ್ನು ಚನ್ನಪಟ್ಟಣದಲ್ಲಿ, ಬೊಂಬೆ ಮಾಡುವ ವಹಾಬನ ಕಾರ್ಖಾನೆಯ ಮಹಡಿಯ ಮೇಲೆ ಇಟ್ಟ. ಇಲ್ಲಿ ಬರೆದದ್ದು ಅದೇ ಉಸಿರಿನಲ್ಲಿ ಅಲ್ಲೂ ಬರೆದಿರಬೇಕು. ಇದು ಬಿದ್ದರೆ ಅದು ಎದ್ದು ನಿಲ್ಲಬೇಕು, ಹರಾಜು ಕೂಗುವವನಿಗೆ ಬಿದ್ದದ್ದೇ ಗೊತ್ತಾಗಬಾರದು. ಬೆಲೆ ಏರಿ ಜನ ಮುಗಿಬಿದ್ದಾಗ ಕನಕಪುರದಲ್ಲಿ ಒಂದು, ಮಾಗಡಿಯಲ್ಲಿ ಒಂದು ಸೇರಿಸಿ ಹೊರೆ ಹಂಚಿದ. ನಾಲ್ಕು ಊರಿನ ನಾಲ್ಕು ಪೆಟ್ಟಿಗೆ, ಒಂದೇ ನೆನಪು. ಕ್ಲಸ್ಟರು. ಅದು ಶುರುವಾದಾಗಿನಿಂದ ಒಮ್ಮೆಯೂ ನಿಂತಿರಲಿಲ್ಲ. ಹಬ್ಬದ ದಿನ ಕೂಡ ಬೀರಲಿಂಗ ಮೊಬೈಲು ತೆಗೆದು ಆ ನಾಲ್ಕು ಹಸಿರು ಚುಕ್ಕೆಗಳನ್ನು ನೋಡಿಯೇ ಎಲೆಗೆ ಕೂರುತ್ತಿದ್ದ.

ಅದರ ಮೇಲೆ ನಂಬಿಕೆ ಬಂದ ಗಂಗಹನುಮಯ್ಯ ಮಿಲ್ಲನ್ನೂ ಅದಕ್ಕೇ ಜೋಡಿಸಿದ್ದ. ಹಾಜರಿ, ಗೋಡೌನಿನ ಬಾಗಿಲು, ಬಿಸಿಗಾಳಿ ಕೋಣೆ, ಎಲ್ಲಕ್ಕೂ ಥಂಬ್ ಮೆಷಿನ್ನು. ನಂಬರು ಒತ್ತಿ ಹೆಬ್ಬೆಟ್ಟು ಇಡದೆ ಯಾವ ಯಂತ್ರವೂ ಶುರುವಾಗದು. ಒಬ್ಬರ ಬದಲು ಇನ್ನೊಬ್ಬರು ಬೆಟ್ಟು ಇಟ್ಟರೆ ಅವತ್ತೇ ಮನೆಗೆ. ಹಾಗಾಗಿ ಪ್ರತಿ ಸಲ ಒತ್ತಿದಾಗಲೂ ಡೇಟಾಬೇಸಿನಲ್ಲಿ ಒಂದು ಸಾಲು ಹುಟ್ಟುತ್ತಿತ್ತು: ಯಾರು, ಯಾವ ಯಂತ್ರ, ಯಾವ ಹೊತ್ತು, ಜೊತೆಗೆ ಒತ್ತಿದ ಬೆರಳಿನ ಗುರುತು. ಒಂದು ಸಲ ಹುಟ್ಟಿದ ಸಾಲಿಗೆ ನಾಲ್ಕು ಊರಿನಲ್ಲಿ ನಾಲ್ಕು ಪ್ರತಿ.

ಮೆಷಿನ್ನು ಹಾಕಿದ ದಿನ ನೆನೆದರೆ ಬೀರಲಿಂಗನಿಗೆ ಈಗಲೂ ಹೆಮ್ಮೆ. ಯಾರೋ ದೊಡ್ಡವರು ನೋಡಲು ಬರುವವರಿದ್ದರು. ಮಿಲ್ಲಿನವರೆಲ್ಲ ಬೆಟ್ಟು ಕೊಡಲು ಸಾಲಾಗಿ ನಿಂತಿದ್ದರು. ಕೆಲವರ ಒದ್ದೆ ಕೈಗೆ ಯಂತ್ರ ಮುನಿಸಿಕೊಂಡು ಕೆಂಪು ದೀಪ ತೋರಿಸುತ್ತಿತ್ತು. "ಏನ್ ಬೇಟಾ, ನಿನ್ ಹೆಂಡ್ತಿ ಇದ್ದಂಗೈತೆ ಇದು, ಬರೀ ಮೂತಿ ತಿರುಗಿಸ್ತದೆ" ಎಂದು ಮಿಲ್ಲಿನ ಹಳೇ ಕೆಲಸದವಳು ಹಮೀದಾ ನಗಿಸಿದ್ದಳು. ಅವನಿಗೆ ಮದುವೆಯಾಗಿರಲಿಲ್ಲ, ಅದಕ್ಕೇ ಎಲ್ಲರೂ ಇನ್ನೂ ಜಾಸ್ತಿ ನಕ್ಕರು. ಹೊರಗಿನಿಂದ ಗಂಗಹನುಮಯ್ಯ, "ಲೇ, ಬಂದ್ಬುಟ್ರು ಕಣ್ಲಾ, ಆಯ್ತಾ?" ಎಂದು ಅರಚುತ್ತಿದ್ದ. ಬೀರಲಿಂಗ ಹೆಂಗಸರನ್ನೆಲ್ಲ ಕೆಲಸಕ್ಕೆ ಅಟ್ಟಿ ಬಾಗಿಲು ಹಾಕಿಕೊಂಡು ಕೂತ. ಕಾರು ಒಳಗೆ ಬರುವ ಹೊತ್ತಿಗೆ ಪರದೆಯ ಮೇಲಿನ ಒಂದೊಂದು ಹೆಸರೂ ಹಸಿರು. ಬಂದವರು ಚಪ್ಪಾಳೆ ತಟ್ಟಿದ್ದರು.

ಆ ಹಸಿರು ಅವನಿಗೆ ಸಾಕಾಗಿತ್ತು. ಯಾವುದು ಹೇಗೆ ಹಸಿರಾಯಿತು ಎಂದು ಮತ್ತೆ ತಿರುಗಿ ನೋಡುವ ಅಭ್ಯಾಸ ಅವನಿಗೆ ಯಾವತ್ತೂ ಇರಲಿಲ್ಲ.

ಈಗ ಕೊಲ್ಲುವುದು ಹೇಗೆ ಎಂದು ಅವನು ಹೆಚ್ಚು ಹುಡುಕಬೇಕಾಗಲಿಲ್ಲ. ಗಂಗಹನುಮಯ್ಯನೇ ಬಾಗಿಲು ತೆರೆದಿಟ್ಟಿದ್ದ.

ಬಿಸಿಗಾಳಿ ಕೋಣೆ ಮಿಲ್ಲಿನ ಹಿಂಭಾಗದಲ್ಲಿತ್ತು. ಗೂಡು ತುಂಬಿದ ತಳ್ಳುಗಾಡಿಗಳನ್ನು ಒಳಗೆ ನಿಲ್ಲಿಸಿ, ಬಾಗಿಲು ಹಾಕಿ, ನೀರು ಕುದಿಯುವುದಕ್ಕಿಂತ ಜಾಸ್ತಿ ಕಾವಿನ ಗಾಳಿ ಬಿಟ್ಟರೆ ಹುಳ ಸತ್ತು ಗೂಡು ಒಣಗುತ್ತದೆ. ಕಾವು ಶುರುವಾದ ಕೂಡಲೆ ಬಾಗಿಲು ತಾನೇ ಬೀಗ ಹಾಕಿಕೊಳ್ಳುತ್ತದೆ, ಮುಗಿಯುವವರೆಗೂ ತೆಗೆಯದು. ಒಳಗಿನಿಂದ ತೆಗೆಯುವ ಹಿಡಿ ಮುರಿದು ಎಷ್ಟೋ ತಿಂಗಳಾಗಿತ್ತು. ಮೇಸ್ತ್ರಿ ಕರಿಯಯ್ಯ ರಿಪೇರಿ ಮಾಡಿಸಿ ಎಂದು ಕೇಳಿದಾಗ ಗಂಗಹನುಮಯ್ಯ ಎಲ್ಲರೆದುರು ನಕ್ಕಿದ್ದ. "ಒಳಗೆ ಇರಾವು ಹುಳ ಕಣೋ, ಮನುಷ್ಯ್ರೇನ್ಲಾ ಇರ್ತಾರೆ?"

ಆದರೆ ಒಬ್ಬ ಮನುಷ್ಯ ದಿನವೂ ಒಳಗೆ ಹೋಗುತ್ತಿದ್ದ. ಬೆಳಗಿನ ಗೂಡು ಒಣಗಿ ತಣ್ಣಗಾದ ಮೇಲೆ, ಕೆಲಸದವರೆಲ್ಲ ಊಟಕ್ಕೆ ಹೋದ ಹೊತ್ತಿನಲ್ಲಿ, ಗಂಗಹನುಮಯ್ಯ ಒಬ್ಬನೇ ಹೋಗುತ್ತಿದ್ದ. ಲಕ್ಷ್ಮಿ ಇರುವ ಜಾಗ ಎಂದು ಚಪ್ಪಲಿ ಹೊರಗೆ ಬಿಡುತ್ತಿದ್ದ, ಮೊಬೈಲನ್ನು ಚಪ್ಪಲಿಯ ಮೇಲಿಡುತ್ತಿದ್ದ. ಒಂದೊಂದೇ ಗೂಡನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದ. ಒಣಗಿದ್ದರೆ ಒಳಗಿನ ಹುಳ ಗಲಗಲ ಅನ್ನಬೇಕು. ಆ ಸದ್ದಿಗೆ ಬಾಗಿಲು ಮುಚ್ಚಿರಬೇಕು. ಅವನು ಒಳಗೆ ಹೋದ ಮೇಲೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಬೀಗ ಬೀಳುತ್ತಿರಲಿಲ್ಲ. ದಪ್ಪ ಗೋಡೆ. ಹೊರಗಿನ ನೂಲು ಯಂತ್ರಗಳ ಸದ್ದು ಒಳಗೆ ಕೇಳುತ್ತಿರಲಿಲ್ಲ. ಒಳಗಿನದು ಹೊರಗೂ ಕೇಳುವಂತಿರಲಿಲ್ಲ.

ಬೀಗ ಹಾಕಲು ಬೀರಲಿಂಗ ಅಲ್ಲಿ ಇರಬೇಕಾಗಿಯೇ ಇರಲಿಲ್ಲ. ಬಿಸಿಗಾಳಿ ಯಂತ್ರ ಬೆರಳನ್ನು ನೋಡುವುದಿಲ್ಲ, ಸಾಲನ್ನು ಓದುತ್ತದೆ. ಡೇಟಾಬೇಸಿನಲ್ಲಿ 'ಇಂಥವರ ಬೆಟ್ಟು ಸರಿಯಿದೆ, ಶುರು ಮಾಡು' ಅನ್ನುವ ಸಾಲು ಬಿದ್ದರೆ ಅದು ಬೀಗ ಹಾಕಿ ಕಾವು ಬಿಡುತ್ತದೆ. ಆ ಸಾಲು ಗೋಡೆಯ ಮೆಷಿನ್ನಿನಿಂದ ಬಂತೋ, ಬೇರೆ ಊರಿನಲ್ಲಿ ಕೂತವನ ಕೈಯಿಂದ ಬಂತೋ ಅದಕ್ಕೆ ಗೊತ್ತಾಗದು.

ಪೊಲೀಸರಿಗೆ ಮಾತ್ರ ಗೊತ್ತಾಗಬಹುದಿತ್ತು. ಪ್ರತಿ ಸಾಲೂ ತಾನು ಯಾವ ಸರ್ವರಿನಲ್ಲಿ ಹುಟ್ಟಿದೆ ಅನ್ನುವುದನ್ನು ಹೊತ್ತಿರುತ್ತದೆ. ಮಿಲ್ಲಿನ ಸಾಲುಗಳೆಲ್ಲ ರಾಮನಗರದಲ್ಲಿ ಹುಟ್ಟಿ, ಇದೊಂದು ಮಾತ್ರ ಚನ್ನಪಟ್ಟಣದಲ್ಲಿ ಹುಟ್ಟಿದ್ದರೆ ಯಾರಾದರೂ ಕೇಳುತ್ತಾರೆ. ಇದಕ್ಕೂ ದಾರಿ ಅವನ ಕೆಲಸದಲ್ಲೇ ಇತ್ತು. ತಿಂಗಳಿಗೊಮ್ಮೆ ಅವನು ಯಜಮಾನಿಕೆ ಬದಲಿಸುತ್ತಿದ್ದ. ರಾಮನಗರದ ಸರ್ವರನ್ನು ಬೇಕೆಂದೇ ಮಲಗಿಸಿ, ಚನ್ನಪಟ್ಟಣದ್ದು ಸರಿಯಾಗಿ ಎದ್ದು ನಿಲ್ಲುತ್ತದೋ ಇಲ್ಲವೋ ಎಂದು ಪರೀಕ್ಷೆ. ಆ ದಿನ ರಾಮನಗರದಲ್ಲಿ ಯಾರು ಬೆಟ್ಟು ಒತ್ತಿದರೂ ಸಾಲು ಹುಟ್ಟುವುದು ಚನ್ನಪಟ್ಟಣದಲ್ಲೇ. ಅಂಥ ದಿನ ಅವನ ಸಾಲು ಬೇರೆ ಸಾಲುಗಳ ನಡುವೆ ಕುರಿಮಂದೆಯೊಳಗಿನ ಇನ್ನೊಂದು ಕುರಿ. ಅವನು ಚನ್ನಪಟ್ಟಣದಲ್ಲಿದ್ದ ಅನ್ನುವುದಕ್ಕೂ ಕಾರಣ ಬೇಕಿಲ್ಲ, ಪರೀಕ್ಷೆಯ ದಿನ ಅವನು ಯಾವಾಗಲೂ ಅಲ್ಲೇ ಇರುತ್ತಿದ್ದ.

ಉಳಿದದ್ದು ಹೆಸರು. ಯಾರ ಬೆಟ್ಟು?

ಆ ಕೋಣೆ ಶುರು ಮಾಡಲು ಅನುಮತಿ ಇದ್ದದ್ದು ಮಾಲೀಕನಿಗೆ, ಕರಿಯಯ್ಯನಿಗೆ, ಹಮೀದಾಗೆ. ಕರಿಯಯ್ಯ ಎಲ್ಲರ ಜೊತೆ ಕೂತು ಉಣ್ಣುತ್ತಾನೆ, ಹತ್ತಾರು ಜನ ನೋಡಿರುತ್ತಾರೆ. ಹಮೀದಾ ಹಾಗಲ್ಲ. ಅರ್ಧ ಆಯಸ್ಸು ಕುದಿನೀರಿನ ಮುಂದೆ ಕೂತು ಗೂಡಿನಿಂದ ಎಳೆ ಎತ್ತಿ, ಕಣ್ಣು ಮಂಜಾದ ಮೇಲೆ ಬಿಸಿಗಾಳಿ ಕೋಣೆಗೆ ಬಂದವಳು. ಗಂಡ ಇಲ್ಲ, ಮಗಳು ಮುನ್ನೀ ಒಬ್ಬಳು. ಊಟದ ಹೊತ್ತಿನಲ್ಲಿ ಅವಳು ಕೋಣೆಯ ಹಿಂದಿನ ಸಂದಿಯಲ್ಲಿ ಚಾಪೆ ಹಾಸಿ ಒಬ್ಬಳೇ ನಮಾಜು ಮಾಡುತ್ತಾಳೆ. ಆ ಹೊತ್ತು ಅವಳನ್ನು ನೋಡಿದವರು ಯಾರೂ ಇರುವುದಿಲ್ಲ.

ಕೊಲೆ ಅಂತಲೂ ಆಗದು. ಒಳಗೆ ಯಜಮಾನ ಇದ್ದಾನೆ ಎಂದು ನೋಡದೆ ಶುರು ಮಾಡಿಬಿಟ್ಟಳು, ಕಣ್ಣು ಬೇರೆ ಮಂಜು. ಅಜಾಗರೂಕತೆ ಅಂತ ಕೇಸು. ಬೇಗ ಬಿಡಬಹುದು, ಬಿಡದೆಯೂ ಇರಬಹುದು. ಹಮೀದಾ ತನಗೆ ಎಷ್ಟು ಸಲ ಈದ್ ದಿನ ಡಬ್ಬಿ ಕಳಿಸಿದ್ದಳು ಅನ್ನುವುದು ಅವನಿಗೆ ನೆನಪಾಯಿತು. ನೆನಪಾದದ್ದನ್ನು ಪಕ್ಕಕ್ಕಿಟ್ಟ.

ಅವಳ ಹೆಸರಿನ ಮುಂದೆ ದಿನವೂ ಹಾಜರಿ ಹಸಿರಾಗಿತ್ತು. ನೋಂದಣಿಯಲ್ಲಿ ಅವಳ ಬೆಟ್ಟಿನ ಗುರುತು ಸ್ಪಷ್ಟವಾಗಿತ್ತು. ಅದನ್ನು ನಕಲು ಮಾಡಿಕೊಂಡ. ಇದ್ದಂತೆಯೇ ಹಾಕಿದರೆ ತಿಳಿದವರಿಗೆ ಅನುಮಾನ ಬಂದೀತು ಎಂದು ಅಂಚನ್ನು ಸ್ವಲ್ಪ ಮಸುಕು ಮಾಡಿದ, ಸ್ವಲ್ಪ ಓರೆ ಮಾಡಿದ, ಅವಸರದಲ್ಲಿ ಇಟ್ಟ ಬೆರಳು ಬೀಳುವ ಹಾಗೆ. ಈ ಚೂರು ಕೆಲಸ ಅವನಿಗೆ ಎಲ್ಲಕ್ಕಿಂತ ಹಿಡಿಸಿತು. ಇಷ್ಟು ಸೂಕ್ಷ್ಮ ಯಾರಿಗೆ ಹೊಳೆಯುತ್ತದೆ ಎಂದುಕೊಂಡ.

ಶುಕ್ರವಾರಕ್ಕೆ ಮುಂಚಿನ ಪರೀಕ್ಷೆಯ ದಿನ ಅವನು ರಾಮನಗರದ ಸರ್ವರನ್ನು ಮಲಗಿಸಿ, ಚನ್ನಪಟ್ಟಣದ ಬಸ್ಸು ಹತ್ತಿದ. ನಾಲ್ಕರಲ್ಲಿ ಒಂದು ಚುಕ್ಕೆ ಕಪ್ಪಾಯಿತು. ಹರಾಜು ಒಂದು ಕ್ಷಣವೂ ನಿಲ್ಲಲಿಲ್ಲ. ಕಿಟಕಿಯ ಪಕ್ಕ ಕೂತು ಅದನ್ನು ನೋಡುತ್ತಾ ಅವನಿಗೆ ಖುಷಿಯೇ ಆಯಿತು.

ವಹಾಬನ ಕಾರ್ಖಾನೆಯಲ್ಲಿ ಮರ ಕಡೆಯುವ ಯಂತ್ರಗಳು ಗಿರ್ರೆಂದು ತಿರುಗುತ್ತಿದ್ದವು. ಅರಗಿನ ಬಿಸಿ ವಾಸನೆ ಮಹಡಿಯವರೆಗೂ ಬರುತ್ತಿತ್ತು. ಬೀರಲಿಂಗ ಲ್ಯಾಪ್‌ಟಾಪು ತೆಗೆದು ಕೂತ. ವಹಾಬ್ ಚಹಾ ಹಿಡಿದು ಮೆಟ್ಟಿಲು ಹತ್ತಿ ಬಂದ, ಅಂಗಿಯ ಮೇಲೆಲ್ಲ ಹಳದಿ ಬಣ್ಣದ ಪುಡಿ.

"ಏನ್ ಬೀರು ಭಾಯ್, ನಿಮ್ ಡಬ್ಬ ನನ್ ಕರೆಂಟೆಲ್ಲಾ ಕುಡಿದು ದಪ್ಪ ಆಗ್ತಾ ಐತೆ. ಬಾಡಿಗೆ ಬದಲು ನನ್ ಕುದುರೆ ಬೊಂಬೆನಾದ್ರೂ ಮಾರ್ಕೊಡಿ ಅಂತ ನಿಮ್ ಸಾಹುಕಾರ್ರಿಗೆ ಹೇಳಿ."

"ಹೇಳ್ತೀನಿ ವಹಾಬಣ್ಣ."

"ಏನ್ ಹೇಳ್ತೀರಾ, ಹೋದ್ ವರ್ಷಾನೂ ಹೇಳ್ತೀನಿ ಅಂದ್ರಿ."

ಪರದೆಯ ಮೇಲೆ ಮಿಲ್ಲಿನ ಸಾಲುಗಳು ಒಂದರ ಕೆಳಗೊಂದು ಬೀಳುತ್ತಿದ್ದವು. ಗೋಡೌನು ಮುಚ್ಚಿತು. ನೂಲು ವಿಭಾಗ ಊಟಕ್ಕೆ ಹೋಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಬೀರಲಿಂಗ ಚಹಾ ಹೀರಿದ. ಆಮೇಲೆ ಒಂದು ಸಾಲು ಬಂತು.

ಗಂಗಹನುಮಯ್ಯ. ಬಿಸಿಗಾಳಿ ಕೋಣೆ. ಬಾಗಿಲು ತೆರೆದಿದೆ.

ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ! ಅಲ್ಲಿ ಅವನು ಬೆಟ್ಟು ಎತ್ತುವುದರೊಳಗೆ ಇಲ್ಲಿ ಸುದ್ದಿ. ಬೀರಲಿಂಗ ಲೋಟ ಕೆಳಗಿಟ್ಟ. ಚಪ್ಪಲಿ ಬಿಡುವಷ್ಟು, ಮೊಬೈಲು ಇಡುವಷ್ಟು, ಒಳಗೆ ಹೋಗಿ ಮೊದಲ ಗೂಡನ್ನು ಕಿವಿಗೆ ಹಿಡಿಯುವಷ್ಟು ಹೊತ್ತು ಕೊಟ್ಟ. ಆಮೇಲೆ ಸಿದ್ಧವಾಗಿಟ್ಟಿದ್ದ ಸಾಲನ್ನು ಒಂದೇ ಒಂದು ಗುಂಡಿ ಒತ್ತಿ ಒಳಗೆ ಬಿಟ್ಟ.

ಹಮೀದಾ. ಬಿಸಿಗಾಳಿ ಕೋಣೆ. ಬೆಟ್ಟು ಸರಿಯಿದೆ. ಶುರು.

ಚನ್ನಪಟ್ಟಣದಲ್ಲಿ ಹುಟ್ಟಿದ ಸಾಲು ಕನಕಪುರಕ್ಕೆ ಹೋಯಿತು, ಮಾಗಡಿಗೆ ಹೋಯಿತು. ರಾಮನಗರದ ಬಿಸಿಗಾಳಿ ಯಂತ್ರ ಅದನ್ನು ಓದಿಕೊಂಡಿತು. 'ಬಾಗಿಲು ಬೀಗ' ಎಂದು ಉತ್ತರ ಬಂತು. ಆಮೇಲೆ ಕಾವಿನ ಅಂಕಿ ನಿಧಾನಕ್ಕೆ ಮೇಲೇರತೊಡಗಿತು.

"ಇಷ್ಟೇನಾ ಕೆಲ್ಸ?" ಎಂದ ವಹಾಬ್, ಖಾಲಿ ಲೋಟ ಎತ್ತಿಕೊಳ್ಳುತ್ತಾ. "ಒಂದ್ ಬಟನ್ ಒತ್ತೋಕೆ ಅಲ್ಲಿಂದ ಬಂದ್ರಾ? ಇದ್ಕೆ ಇಂಜಿನಿಯರ್ ಬೇರೆ ಬೇಕಾ?"

ಬೀರಲಿಂಗ ನಕ್ಕ. ಅಂಕಿಯನ್ನು ನೋಡುತ್ತಿದ್ದ. ಅದು ಇಳಿಯಲಿಲ್ಲ, ತಡೆಯಲಿಲ್ಲ, ಒಂದೇ ಸಮನೆ ಏರಿತು. ಒಂದು ಹಂತದ ಮೇಲೆ ಅವನು ಪರದೆ ಮಡಚಿಟ್ಟು, ಕೆಳಗಿಳಿದು, ಒಬ್ಬ ಮುದುಕ ತಿರುಗುವ ಕಟ್ಟಿಗೆಗೆ ಕೆಂಪು ಅರಗು ಹಿಡಿಯುವುದನ್ನು ನೋಡುತ್ತಾ ನಿಂತ. ಕಟ್ಟಿಗೆಯ ಕಾವಿಗೆ ಅರಗು ಕರಗಿ ಮೈತುಂಬ ಹರಡಿಕೊಳ್ಳುತ್ತಿತ್ತು. ವಹಾಬ್ ಏನೋ ತಮಾಷೆ ಹೇಳಿದ. ಬೀರಲಿಂಗನಿಗೆ ಅದು ಕೇಳಿಸಲಿಲ್ಲ.

ಫೋನು ಬಂದದ್ದು ಕರಿಯಯ್ಯನಿಂದ, ಸಂಜೆಯ ಕಡೆಗೆ. ಊಟ ಮುಗಿಸಿ ಬಂದಾಗ ಯಂತ್ರ ನಡೆಯುತ್ತಿತ್ತಂತೆ, ಯಜಮಾನರೇ ಶುರು ಮಾಡಿರಬೇಕು ಅಂದುಕೊಂಡರಂತೆ. ಚಪ್ಪಲಿಯ ಮೇಲೆ ಮೊಬೈಲು ಹೊಡೆದುಕೊಳ್ಳುತ್ತಲೇ ಇತ್ತಂತೆ. "ಬಾಗ್ಲು ತೆಗೆದ್ರೆ... ಬೀರಾ, ಬೇಗ ಬಂದ್ಬುಡ್ಲಾ. ನನ್ ಕೈಲಿ ಆಗಕ್ಕಿಲ್ಲ."

ಆಮೇಲಿನದೆಲ್ಲ ಅವನು ಬರೆದಿಟ್ಟ ಹಾಗೇ ನಡೆಯಿತು. ಸಹಿಯ ಶುಕ್ರವಾರ ಮಣ್ಣಿನ ಮಾರನೇ ದಿನವಾಯಿತು. ಕಂಪನಿಯವರು ಹೂವಿನ ಹಾರ ಕಳಿಸಿ ಸುಮ್ಮನಾದರು. ಗಂಗಹನುಮಯ್ಯನ ಹೆಂಡತಿ ವರಲಕ್ಷ್ಮಮ್ಮ, ತಲೆ ಎತ್ತದೆ, "ಮಾರಾದೂ ಬ್ಯಾಡ, ಗೀರಾದೂ ಬ್ಯಾಡ. ಅವ್ರ್ ಕಟ್ಟಿದ್ದು ಅಂಗೇ ಇರ್ಲಿ. ನೀನೇ ನೋಡ್ಕಂಡೋಗಪ್ಪ ಬೀರಾ" ಎಂದಳು. ಅವ್ರ್ ಕಟ್ಟಿದ್ದು. ಇರಲಿ, ಕಾಲ ಇದೆ, ಸರಿಮಾಡಬಹುದು ಎಂದುಕೊಂಡ.

ಇನ್ಸ್‌ಪೆಕ್ಟರ್ ಕಾವೇರಮ್ಮ ಕೊಡಗಿನ ಕಡೆಯವರು. ಮಾತು ಕಮ್ಮಿ. ಆಫೀಸಿನಲ್ಲಿ ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಎಲ್ಲ ಕೇಳಿಸಿಕೊಂಡರು. ಬೀರಲಿಂಗ ಸಾಲು ತೋರಿಸಿದ. ಹೆಸರು, ಹೊತ್ತು, ಬೆಟ್ಟು.

"ಇದನ್ನ ಯಾರಾದರೂ ಆಮೇಲೆ ಬದಲಾಯಿಸಿರಬಹುದಾ?"

"ಆಗಲ್ಲ ಮೇಡಂ." ಈ ಪ್ರಶ್ನೆಗೇ ಅವನು ಕಾದಿದ್ದ. ಹುರುಪಿನಲ್ಲಿ ಮಾತುಗಳು ಒಂದರ ಮೇಲೊಂದು ಬಿದ್ದವು. "ಒಂದ್ಸಲ ಬಿತ್ತು ಅಂದ್ರೆ ಬಿತ್ತು. ನಾನೇ ಆದ್ರೂ ಅಳಿಸೋಕಾಗಲ್ಲ. ಇಲ್ಲಿ ಮುಟ್ಟಿದ್ರೆ ಇನ್ನ್ ಮೂರು ಊರು ಎದ್ದು ಕೂಗ್ತವೆ, ಯಾರು ಮುಟ್ಟಿದ್ರು ಅಂತಾನೂ ಹೇಳ್ತವೆ. ಈ ಬಿಲ್ಡಿಂಗ್ ಸುಟ್ಟೋಗ್ಲಿ ಮೇಡಂ, ಈ ಸಾಲು ಮಾಗಡೀಲಿ ಇರ್ತದೆ."

"ಹಾಗಾದ್ರೆ ನಾಲ್ಕೂ ಕಡೆಯ ಪ್ರತಿ ನಮಗೆ ಕೊಡಿ."

"ಈಗ್ಲೇ ತಗೊಳ್ಳಿ" ಎಂದು ಅವನೇ ಕೊಟ್ಟ. ಅವನೇ ಸಹಿ ಹಾಕಿದ. ಆ ದಿನ ಎಲ್ಲಿದ್ದಿರಿ ಎಂದು ಕೇಳಿದರು. ಹೇಳಿದ. ವಹಾಬ್ ಅದರ ಬಗ್ಗೆ ಅವನಿಗಿಂತ ಚೆನ್ನಾಗಿ ಹೇಳಿಕೆ ಕೊಟ್ಟಿದ್ದ, ಚಹಾ, ಲ್ಯಾಪ್‌ಟಾಪು, ಒಂದು ಬಟನ್ನು ಎಲ್ಲ ಸೇರಿಸಿ.

ಹಮೀದಾ ಒಂದೇ ಮಾತು ಹೇಳುತ್ತಿದ್ದಳು. "ನಾನ್ ಒತ್ತಿಲ್ಲ ಅಮ್ಮಾ." ಅದಕ್ಕಿಂತ ಹೆಚ್ಚು ಕೇಳಿದರೆ ಕರಿಯಯ್ಯನ ಕಡೆ ಒಮ್ಮೆ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಕರಿಯಯ್ಯ ನೆಲ ನೋಡುತ್ತಿದ್ದ. ತಪ್ಪಿತಸ್ಥರು ಹೀಗೇ ಇರುತ್ತಾರೆ ಎಂದು ಬೀರಲಿಂಗನಿಗೇ ಒಂದು ಗಳಿಗೆ ಅನ್ನಿಸಿಬಿಟ್ಟಿತು.

ಅವಳನ್ನು ಕೋರ್ಟಿಗೆ ಕರೆದುಕೊಂಡು ಹೋಗುವ ಬೆಳಿಗ್ಗೆ ಕಾವೇರಮ್ಮ ಜೀಪನ್ನು ಮೊದಲು ಮಿಲ್ಲಿಗೆ ತಂದರು. ಬಿಸಿಗಾಳಿ ಕೋಣೆಯ ಬಾಗಿಲಿಗೆ ಇನ್ನೂ ಪೊಲೀಸರ ಸೀಲು. ಪಕ್ಕದ ಗೋಡೆಯಲ್ಲಿ ಥಂಬ್ ಮೆಷಿನ್ನು ಎಂದಿನಂತೆ ಮಿಣುಕುತ್ತಿತ್ತು. ಎಲ್ಲರೂ ಅಂಗಳದಲ್ಲಿ ಗುಂಪಾಗಿದ್ದರು. ಗೇಟಿನ ಹತ್ತಿರ ಮುನ್ನೀ ನಿಂತಿದ್ದಳು, ಕೈಯಲ್ಲಿ ಅಮ್ಮನಿಗೆ ತಂದ ಊಟದ ಡಬ್ಬಿ.

"ಏನಿಲ್ಲ, ಒಂದು ವಿಡಿಯೋ ಬೇಕು" ಎಂದರು ಕಾವೇರಮ್ಮ. "ಹೇಗೆ ಶುರು ಮಾಡ್ತಾರೆ ಅಂತ ಜಡ್ಜ್ ಕೇಳ್ತಾರೆ. ಹಮೀದಾ, ನಿಮ್ಮ ನಂಬರ್ ಒತ್ತಿ ಬೆರಳಿಡಿ. ಬೀರಲಿಂಗ ಅವರೇ, ಯಂತ್ರ ಶುರುವಾಗದ ಹಾಗೆ ಮಾಡಿದೀರಲ್ಲ?"

"ಮಾಡಿದೀನಿ ಮೇಡಂ. ಬರೀ ದೀಪ ಹತ್ತುತ್ತೆ."

ಹಮೀದಾ ನಂಬರು ಒತ್ತಿ ಬೆಟ್ಟು ಇಟ್ಟಳು. ಕೆಂಪು. ಸೀರೆಗೆ ಒರೆಸಿಕೊಂಡು ಮತ್ತೆ ಇಟ್ಟಳು. ಕೆಂಪು. ಎಡಗೈ ಇಟ್ಟಳು. ಕೆಂಪು.

"ಬೆರಳು ಸರಿಯಾಗಿ ಇಡ್ತಾ ಇಲ್ಲ, ಅದಕ್ಕೇ" ಎಂದ ಬೀರಲಿಂಗ.

ಆಗ ಕರಿಯಯ್ಯ ಗುಂಪಿನಿಂದ ಮುಂದೆ ಬಂದ. ಟವೆಲ್ಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಂಡುತ್ತಿದ್ದ. "ಅವಳ್ ಬೆಟ್ಟು ಯಾವತ್ತೂ ತಕ್ಕಂಡಿಲ್ಲ ಮೇಡಮ್ಮಾ. ಕಾದ ನೀರ್ನಾಗೆ ಅದ್ದೀ ಅದ್ದೀ ಗೆರೆ ಎಲ್ಲಾ ಓಗ್ಬುಟ್ಟವೆ. ದಿನಾ ನಾನೇ ನನ್ನ ಮೇಸ್ತ್ರಿ ನಂಬರ್ ಆಕಿ ಅವಳ್ ಆಜ್ರಿ ಒತ್ತುತೀನಿ, ಮೆಷಿನ್ನೂ ನಾನೇ ಆನ್ ಮಾಡ್ಕೊಡ್ತೀನಿ. ಯಜಮಾನ್ರಿಗೆ ಗೊತ್ತಾದ್ರೆ ಕೆಲ್ಸ ಓಯ್ತದೆ ಅಂತ ಇಬ್ರೂ ಬಾಯಿ ಬುಟ್ಟಿಲ್ಲ. ನನ್ ಕೆಲ್ಸ ಓದ್ರೆ ಓಗ್ಲಿ. ಅವಳನ್ನ ಕರ್ಕಂಡ್ ಓಗ್ಬ್ಯಾಡಿ."

ಕಾವೇರಮ್ಮ ಹಮೀದಾಳ ಕೈ ಹಿಡಿದು ಬಿಸಿಲಿಗೆ ತಿರುಗಿಸಿದರು. ಬೆರಳ ತುದಿಗಳು ಬಿಳುಚಿ, ಒಣಗಿದ ಗೂಡಿನ ಹಾಗೆ ನುಣ್ಣಗಿದ್ದವು. ಆಮೇಲೆ ಗುಂಪಿನ ಕಡೆ ತಿರುಗಿ, "ಇವರ ನಂಬರಿನಲ್ಲಿ ಒಂದು ಬೆಟ್ಟು ಅಂತೂ ಇದೆ. ಯಾರದು ಅಂತ ನೋಡೋಣ. ಎಲ್ಲರೂ ಸಾಲಾಗಿ ಬನ್ನಿ, ಇವರದೇ ನಂಬರ್ ಒತ್ತಿ ಎರಡೂ ಕೈಯ ಬೆರಳಿಡಿ. ಬೀರಲಿಂಗ ಅವರೇ, ನೀವೂ" ಎಂದರು.

ಅವನು ಸಾಲಿನಲ್ಲಿ ನಿಂತ. ಒಬ್ಬೊಬ್ಬರದೂ ಕೆಂಪು. ಮುಂದೆ ಜನ ಕರಗುತ್ತಿದ್ದಂತೆ ಅವನ ಬುದ್ಧಿ ಎಂದಿನ ಹಾಗೆ ಚುರುಕಾಗಿ ಲೆಕ್ಕ ಹಾಕುತ್ತಿತ್ತು. ಅವಳದ್ದಲ್ಲದಿದ್ದರೆ ತಾನು ನಕಲು ಮಾಡಿದ್ದು ಯಾರದ್ದನ್ನು? ತಾನು ಅಷ್ಟು ಜತನದಿಂದ ಓರೆ ಮಾಡಿ, ಮಸುಕು ಮಾಡಿ, ನಾಲ್ಕು ಊರಿಗೆ ಹಂಚಿ, ಸಹಿ ಹಾಕಿ ಕೊಟ್ಟ ಆ ಗೆರೆಗಳು ಯಾರವು? ಮೆಷಿನ್ನು ಹಾಕಿದ ದಿನ ಬಾಗಿಲು ಹಾಕಿಕೊಂಡು ಕೂತದ್ದು ಆಗ ನೆನಪಾಯಿತು. ಹೊರಗೆ ಗಂಗಹನುಮಯ್ಯನ ಅರಚಾಟ, ಕಾರಿನ ಹಾರನ್ನು, ಪರದೆಯ ಮೇಲೆ ಹಸಿರಾಗದೆ ಉಳಿದ ಒಂದು ಹೆಸರು. ಒಂದೇ ಬೆರಳನ್ನು ಮೆಷಿನ್ನು ಎರಡು ಹೆಸರಿಗೆ ಹಿಡಿಯುವುದಿಲ್ಲ, ಬಲಗೈ ಹೆಬ್ಬೆಟ್ಟು ತನ್ನ ಹೆಸರಿಗೇ ಹೋಗಿತ್ತು, ಸದ್ಯಕ್ಕೆ ಇರಲಿ, ಆಮೇಲೆ ಸರಿಮಾಡಿದರಾಯಿತು ಎಂದು ಎಡಗೈಯನ್ನು ಗಾಜಿನ ಮೇಲೆ ಒತ್ತಿದ್ದ. ಆಮೇಲೆ ಅನ್ನುವುದು ಬರಲೇ ಇಲ್ಲ, ಕ್ಲಸ್ಟರು ಮಾತ್ರ ಮರೆತಿರಲಿಲ್ಲ. ಗಂಗಹನುಮಯ್ಯ ಸತ್ತ ದಿನ ಇಲ್ಲಿದ್ದೆ ಎಂದರೆ ಬಾಗಿಲಿಗೆ ಬೀಗ ಹಾಕಿದವನಾಗುತ್ತಾನೆ, ಚನ್ನಪಟ್ಟಣದಲ್ಲಿದ್ದೆ ಎಂದರೆ ಸಾಲು ಬರೆದವನಾಗುತ್ತಾನೆ. ಜೇಬಿನೊಳಗೆ ಅವನ ಎಡಗೈ ಮುಷ್ಟಿಯಾಗಿತ್ತು. "ಇನ್ನೊಂದು ಕೈ" ಎಂದರು ಕಾವೇರಮ್ಮ. ಅವನು ಇಟ್ಟ. ಹಸಿರು ದೀಪ ಹತ್ತಿತು, ಮೆಷಿನ್ನಿನ ಒಳಗಿನ ಹೆಣ್ಣುದನಿ ಇಂಪಾಗಿ ಥ್ಯಾಂಕ್ ಯೂ ಎಂದಿತು, ಪುಟ್ಟ ಪರದೆಯ ಮೇಲೆ ಹಮೀದಾ ಎಂಬ ಹೆಸರು ಮೂಡಿತು. ರಾಮನಗರದಲ್ಲಿ ಹುಟ್ಟಿದ ಆ ಸಾಲು ಅದೇ ಉಸಿರಿನಲ್ಲಿ ಚನ್ನಪಟ್ಟಣಕ್ಕೆ, ಕನಕಪುರಕ್ಕೆ, ಮಾಗಡಿಗೆ ಹೋಗಿ ಸೇರಿತು.